ನಲವತ್ತೇಳು ನಂಬರಿನ ಹಾಯಿದೋಣಿ

ಗಂಡ ಹೆಂಡತಿ ಒಂದೇ ಬಂಡಿಯ ಎರಡು ಗಾಲಿ ಎನ್ನುವ ಮಾತು ಉಳಿದವರಿಗೆ ಉಪಮೆ. ನನ್ನ ಅಕ್ಕ ಭಾವನಿಗೆ ಅದು ಡ್ಯೂಟಿ ಚಾರ್ಟು. ಭಾವ ಬಸ್ ಡ್ರೈವರ್, ಅಕ್ಕ ಅದೇ ಬಸ್ಸಿನ ಕಂಡಕ್ಟರ್. ನಲವತ್ತೇಳು ನಂಬರಿನ ಮಾರ್ಗದಲ್ಲಿ ಇಪ್ಪತ್ತೆರಡು ವರ್ಷ ಅವರು ಮುಂದೆ, ಅವಳು ಹಿಂದೆ. ನಡುವೆ ಐವತ್ತು ಸೀಟು. ಸೀಟು ಎಷ್ಟಿದ್ದರೇನು, ಸಂಸಾರ ನಡೆದದ್ದು ಸೀಟಿಯ ಮೇಲೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಇಷ್ಟು ಸ್ಪಷ್ಟವಾಗಿ ಮಾತಾಡಿಕೊಳ್ಳುವ ದಂಪತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವ ಹಿಂದೆ ತಿರುಗಿ ನೋಡುವವರೇ ಅಲ್ಲ. ಬಸ್ಸಿನೊಳಗೆ ಹೊಡೆದಾಟವಾದರೂ ಅಷ್ಟೆ, ಹೆರಿಗೆಯಾದರೂ ಅಷ್ಟೆ. (ಎರಡೂ ಆಗಿವೆ.) ಕೇಳಿದರೆ, "ಹಿಂದಿನದು ಅವಳ ಇಲಾಖೆ, ಮುಂದಿನದು ನಂದು. ಎರಡೂ ನಾನೇ ನೋಡೋದಾದ್ರೆ ಅವಳಿಗೆ ಸಂಬಳ ಯಾಕೆ?" ಎನ್ನುತ್ತಿದ್ದರು. ಅಕ್ಕ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು. ಅದು ಹೊಗಳಿಕೆಯೇ ಆಗಿತ್ತು ಕೂಡ.

ನಲವತ್ತೇಳರ ಕೊನೆಯ ನಿಲ್ದಾಣ ಒಂದು ಸಣ್ಣ ಬಂದರು. ಅಲ್ಲಿ ಹತ್ತು ನಿಮಿಷದ ವಿರಾಮ. ದೋಣಿ ರಿಪೇರಿಯ ಅಂಗಳದಲ್ಲಿ ಟಾರ್ಪಾಲಿನಡಿ ಒಂದು ಹಳೆಯ ಹಾಯಿದೋಣಿ ಹನ್ನೊಂದು ವರ್ಷದಿಂದ ಬಿದ್ದಿತ್ತು. ದಿನಕ್ಕೆ ಐದು ಸಲ, ಹತ್ತು ಹತ್ತು ನಿಮಿಷ, ಭಾವ ಅದನ್ನೇ ನೋಡುತ್ತ ಟೀ ಕುಡಿದರು. ಅದರ ಯಜಮಾನರು ಒಬ್ಬ ಮುದುಕ ಡಾಕ್ಟರು. ಕೊಳ್ಳುವವರು ಬರಲಿಲ್ಲ, ಕೊಳೆಯುವುದು ನಿಲ್ಲಲಿಲ್ಲ. ಅಕ್ಕ ಭಾವ ಇಬ್ಬರೂ ಒಂದೇ ವರ್ಷ ನಿವೃತ್ತರಾದಾಗ ಡಾಕ್ಟರು, "ನೀವಾದ್ರೂ ತಗೊಂಡ್ಹೋಗಿ ಮಾರಾಯ್ರೆ, ನನ್ನ ಪೇಷೆಂಟುಗಳಲ್ಲಿ ಇದೊಂದೇ ಇನ್ನೂ ಕಾಯ್ತಾ ಇರೋದು" ಎಂದು ಅದನ್ನು ಇವರ ಕೊರಳಿಗೆ ಕಟ್ಟಿದರು.

ರಿಪೇರಿಗೆ ಎರಡು ವರ್ಷ ಹಿಡಿಯಿತು. ಇಂಜಿನ್ನು ಭಾವನ ಕೈಯಲ್ಲಿ, ಹಾಯಿಗಳ ಹೊಲಿಗೆ ಅಕ್ಕನ ಕೈಯಲ್ಲಿ. ಬಯಲಲ್ಲಿ ಕೂತು ಚುಕ್ಕಾಣಿ ಹಿಡಿಯುವುದು ಭಾವನಿಗೆ ಒಗ್ಗಲಿಲ್ಲ. ದೋಣಿಯ ನಡುವೆ ಗಾಜಿನ ಒಂದು ಪುಟ್ಟ ಗೂಡು ಕಟ್ಟಿ, ಗುಜರಿ ಬಸ್ಸಿನ ಸ್ಟೀರಿಂಗ್ ಚಕ್ರವನ್ನೇ ತಂದು ಜೋಡಿಸಿದರು. ಹಿಂಬದಿಯ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ 47 ಎಂದು ಬರೆದದ್ದು ಅಕ್ಕ.

ಆಮೇಲೆ ಆರು ವರ್ಷ, ಕಡಲು ಶಾಂತವಾಗಿರುವ ತಿಂಗಳುಗಳಲ್ಲೆಲ್ಲ ಅವರು ದಡದ ಉದ್ದಕ್ಕೂ ಅಲೆದರು. ಈ ವಾರ ಈ ಬಂದರಿಗೆ ಬಂದರು, ಮುಂದಿನ ವಾರ ಆ ಬಂದರಿಗೆ ಬಂದರು ಎಂದು ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಹಾಯಿ ಇರುವ ಮಾತ್ರಕ್ಕೆ ಹಾಯಾಗಿರುತ್ತಾರೆ ಎಂದು ನಾನು ನಂಬಿದ್ದು, ಒಮ್ಮೆ ನಾಲ್ಕು ದಿನ ಅವರ ಜೊತೆ ಹೋಗಿ ಬರುವವರೆಗೆ ಮಾತ್ರ. ಹಾಸಿಗೆ ತ್ರಿಕೋನ, ತಲೆಯ ಕಡೆ ಅಗಲ, ಕಾಲಿನ ಕಡೆ ನಾಲ್ಕು ಪಾದಗಳಿಗೂ ಒಂದೇ ಮೂಲೆ. ಒಲೆ ತೂಗುತ್ತದೆ, ಲೋಟ ಜಾರುತ್ತದೆ. ಒಬ್ಬರು ಅಂಗಿ ಬದಲಿಸಬೇಕಾದರೆ ಇನ್ನೊಬ್ಬರು ಮೇಲೆ ಹೋಗಬೇಕು. ಜಗಳವಾಡಿ ಎದ್ದು ಹೋಗಲು ಜಾಗವಿಲ್ಲದ ಆ ಮನೆಯಲ್ಲಿ ಅಕ್ಕ ಕಂಡುಕೊಂಡ ಉಪಾಯವೆಂದರೆ ಮೌನ. ಸಣ್ಣ ಜಗಳಕ್ಕೆ ಒಂದು ಗಂಟೆ, ಮಧ್ಯಮಕ್ಕೆ ಮುಂದಿನ ಬಂದರು ಬರುವವರೆಗೆ.

ನಾನು ಜೊತೆಗಿಲ್ಲದ ಒಂದು ಪ್ರಯಾಣದಲ್ಲಿ ನಡೆದ ಜಗಳ ಮಧ್ಯಮ ದರ್ಜೆಯದು.

ಬೆಳಗಿನ ರೇಡಿಯೋದಲ್ಲಿ ಸಂಜೆ ಮಂಜು ಕವಿಯಬಹುದು ಎಂದು ಹೇಳಿದ್ದರು. ನಾಲ್ಕು ಗಂಟೆಯ ದಾರಿಯಲ್ಲಿ ಒಂದು ಬಂದರು, ಏಳು ಗಂಟೆಯ ದಾರಿಯಲ್ಲಿ ಇನ್ನೊಂದು.

"ಹತ್ತಿರದ್ದಕ್ಕೆ ಹೋಗಿ ಸುಮ್ನೆ ಮಲಗೋಣ ರೀ."

"ಮಲಗೋಕೆ ದೋಣಿ ತಗೊಂಡ್ವಾ? ಬೆಳಕಿರುವಾಗ್ಲೇ ಮುಟ್ತೀವಿ ಬಾ."

"ಇಪ್ಪತ್ತೆರಡು ವರ್ಷ ಒಂದು ದಿನವಾದ್ರೂ ಟೈಮಿಗೆ ಮುಟ್ಸಿದೀರಾ?"

"ಲೇಟಾಗ್ತಿದ್ದಿದ್ದು ಯಾರಿಂದ? ಚಿಲ್ಲರೆಗೋಸ್ಕರ ಊರೆಲ್ಲ ಜಗಳ ಆಡ್ಕೊಂಡು ಬರ್ತಿದ್ದಿದ್ದು ಯಾರು?"

ಅಕ್ಕ ತುಟಿ ಮುಚ್ಚಿದಳು. ಅಲ್ಲಿಂದ ಮಾತು ಬಂದ್. ಹನ್ನೊಂದು ಗಂಟೆಗೆ ಗಾಳಿಯೂ ಬಂದ್. ಹಾಯಿ ಇಳಿಸಿ ಸುತ್ತಿಟ್ಟು ಇಂಜಿನ್ನಿನ ಮೇಲೆ ಹೊರಟರು.

ಮೂರೂ ಮುಕ್ಕಾಲಿಗೆ ದೋಣಿಯ ಅಡಿಯಲ್ಲಿ ಟಕ್ ಎಂದು ಸದ್ದಾಗಿ ಇಂಜಿನ್ನು ನಿಂತಿತು. ಯಾರೋ ಮೀನುಗಾರರ ಕೈಬಿಟ್ಟ ಬಲೆ ದೋಣಿಯನ್ನು ತಳ್ಳುವ ಪಂಖಕ್ಕೆ ಸುತ್ತಿಕೊಂಡಿತ್ತು. ಹಿಂದಿನದು ಯಾರ ಇಲಾಖೆ ಎಂದು ಗೊತ್ತೇ ಇದೆಯಲ್ಲ. ಅಕ್ಕ ಒಂದೂ ಮಾತಾಡದೆ ಚಾಕು ಹಿಡಿದು ಹಿಂಬದಿಯ ಏಣಿ ಇಳಿದಳು. ಬಗ್ಗಲು ಅಡ್ಡವಾಗುತ್ತದೆಂದು ಲೈಫ್ ಜಾಕೆಟ್ ಬಿಚ್ಚಿಟ್ಟಳು. ಕೊರಳಲ್ಲಿ ಸೀಟಿ ಇತ್ತು. ಕಾಲು ಗಂಟೆ ನೀರಲ್ಲಿ ಸೊಂಟದವರೆಗೆ ಮುಳುಗಿ, ಉಸಿರು ಬಿಗಿಹಿಡಿದು ತಲೆ ತಗ್ಗಿಸಿ, ಬಲೆಯನ್ನು ತುಂಡು ತುಂಡಾಗಿ ಕತ್ತರಿಸಿದಳು. ಕೊನೆಯ ಎಳೆ ಕಳಚಿತು. ಒಂದು ಕಾಲು ಏಣಿಯ ಕೆಳಗಿನ ಮೆಟ್ಟಿಲ ಮೇಲಿಟ್ಟು, ಎರಡು ಸಲ ಸೀಟಿ ಊದಿದಳು.

ಹೊರಡು.

ಇನ್ನೂ ಹತ್ತಿರಲಿಲ್ಲ, ಆದರೂ ಊದಿದಳು. ಬಸ್ಸಿನಲ್ಲಿ ಅವಳ ಪದ್ಧತಿ ಅದೇ. ಕೊನೆಯ ಪ್ರಯಾಣಿಕನ ಕಾಲು ಮೆಟ್ಟಿಲಿಗೆ ತಾಗುತ್ತಲೇ ರಸ್ತೆಯಲ್ಲಿ ನಿಂತು ಊದುತ್ತಿದ್ದಳು. ಬಸ್ಸು ಉರುಳಲು ಶುರುವಾದ ಮೇಲೆ ಎರಡು ಹೆಜ್ಜೆ ಓಡಿ, ಕಂಬಿ ಹಿಡಿದು, ಹಕ್ಕಿ ಕೊಂಬೆಗೆ ಹಾರಿದ ಹಾಗೆ ಒಳಗೆ ಬರುತ್ತಿದ್ದಳು. ಒಂದೊಂದು ನಿಲ್ದಾಣದಲ್ಲೂ ನಾಲ್ಕು ಕ್ಷಣ ಉಳಿಯುತ್ತಿತ್ತು. ಸಮುದ್ರದ ನಡುವೆ ಯಾವ ನಾಲ್ಕು ಕ್ಷಣ ಉಳಿಸಬೇಕಿತ್ತೋ ಅವಳಿಗೇ ಗೊತ್ತಿಲ್ಲ. ಕೈ ಸೀಟಿಗೆ ಹೋಯಿತು, ಬಾಯಿ ಊದಿತು.

ಗಾಜಿನ ಗೂಡಿನಲ್ಲಿ ಭಾವ ಇಂಜಿನ್ನು ಚಾಲೂ ಮಾಡಿ ಗೇರು ಹಾಕಿದರು. ಅಕ್ಕನ ಕಾಲಿನಿಂದ ಮೊಳದಷ್ಟು ದೂರದಲ್ಲಿ ಪಂಖ ತಿರುಗಿತು. ಏಣಿ ಹಿಡಿದುಕೊಂಡರೆ ಕಾಲು ಹೋಗುತ್ತದೆ, ಬಿಟ್ಟರೆ ದೋಣಿ ಹೋಗುತ್ತದೆ. ಅವಳು ಎರಡೂ ಕಾಲಿನಿಂದ ಹಲಗೆಯನ್ನು ಒದ್ದು ಹಿಂದಕ್ಕೆ ಜಿಗಿದಳು. ನೀರಿನಿಂದ ತಲೆ ಎತ್ತಿದಾಗ ಹತ್ತು ಮಾರು ದೂರದಲ್ಲಿ 47 ಹೊರಟುಹೋಗುತ್ತಿತ್ತು.

ಕೂಗಿದಳು. ಇಂಜಿನ್ನು ಅವಳಿಗಿಂತ ಜೋರಾಗಿ ಕೂಗುತ್ತಿತ್ತು. ಒಂದು ಸೀಟಿ ಊದಿದಳು, ಉದ್ದಕ್ಕೆ. ಒಳಗೆ ನೀರು ತುಂಬಿದ ಸೀಟಿ ಕುದಿಯುವ ಕೆಟಲ್ಲಿನ ಹಾಗೆ ಬುಸುಗುಟ್ಟಿತು. ಭಾವ ಒಮ್ಮೆ ಕತ್ತು ತಿರುಗಿಸಿದ್ದರೆ ಕಾಣುತ್ತಿದ್ದಳು. "ತಿರುಗಲ್ಲ ಅಂತ ನನಗೆ ಗೊತ್ತಿತ್ತು ಕಣೋ" ಎಂದಳು ಆಮೇಲೆ ನನ್ನ ಹತ್ತಿರ. "ಅದಕ್ಕೇ ಹೆಚ್ಚು ಕೂಗ್ಲಿಲ್ಲ. ಸುಮ್ನೆ ಉಸಿರು ದಂಡ."

ಹೊರಟ ಸಮಯ ನಾಲ್ಕು ಗಂಟೆ ಒಂಬತ್ತು ನಿಮಿಷ ಎಂದು ಭಾವ ಪುಸ್ತಕದಲ್ಲಿ ಬರೆದುಕೊಂಡರು. ಹೆಂಡತಿ ಮುಂದೆ ಬರಲಿಲ್ಲವೆಂದು ಅವರಿಗೆ ಅನುಮಾನವೇ ಬರಲಿಲ್ಲ. ಒದ್ದೆ ಬಟ್ಟೆ ಬದಲಿಸುತ್ತಿರಬೇಕು. ಅದಾದ ಮೇಲೆ ಮುನಿಸು ಮುಂದುವರಿಸುತ್ತಿರಬೇಕು. ಹತ್ತು ನಿಮಿಷ ಕಳೆದ ಮೇಲೆ ಎದುರಿನ ಗಾಜನ್ನೇ ನೋಡುತ್ತ, "ಕಂಡಕ್ಟ್ರಮ್ಮಾ, ಇನ್ನೂ ಎಷ್ಟು ಹೊತ್ತು?" ಎಂದರು. ಉತ್ತರವಿಲ್ಲ. ಇನ್ನೈದು ನಿಮಿಷಕ್ಕೆ, "ಆಯ್ತು ಬಿಡು, ನಾಳೆ ಹತ್ತಿರದ ಬಂದರಿಗೇ ಹೋಗೋಣ" ಎಂದರು. ಅದಕ್ಕೂ ಉತ್ತರವಿಲ್ಲ. ಸಮುದ್ರದ ಕಡೆಯಿಂದ ಮಂಜು ಎದ್ದು, ಬಲಗಡೆಯ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಹೇಳಿದ್ದೇ ನಿಜವಾಯಿತಲ್ಲ ಎಂದು ಸಂಕೋಚವಾಯಿತು. ತಪ್ಪು ಒಪ್ಪಿಕೊಂಡೂ ಮಾತು ಬಾರದಿದ್ದಾಗ ಮಾತ್ರ ಏನೋ ಸರಿಯಿಲ್ಲ ಎನ್ನಿಸಿತು. ಅಕ್ಕ ಗೆದ್ದ ಮೇಲೂ ಸುಮ್ಮನಿರುವ ಹೆಂಗಸಲ್ಲ.

ಚಕ್ರಕ್ಕೆ ಹಗ್ಗ ಬಿಗಿದು ಕೆಳಗಿಳಿದು ನೋಡಿದರು. ತ್ರಿಕೋನದ ಹಾಸಿಗೆ ಖಾಲಿ. ಟವೆಲ್ಲು ಒಣಗಿದ್ದು ಹಾಗೇ ಇದೆ. ಮೇಲೆ ಓಡಿಬಂದು, ಮೊದಲ ಸಲ ಹಿಂದಕ್ಕೆ ಹೋದರು. ಏಣಿ ನೀರಲ್ಲಿ ಎಳೆದುಕೊಂಡು ಬರುತ್ತಿತ್ತು. ಪಕ್ಕದಲ್ಲಿ ಅವಳ ಲೈಫ್ ಜಾಕೆಟ್ಟು.

ನಾಲ್ಕು ಮೂವತ್ತನಾಲ್ಕು.

ಗೇರು ತೆಗೆದು ವೈರ್‌ಲೆಸ್ ಹಿಡಿದಾಗ ಅವರ ಧ್ವನಿ ಅವರದಾಗಿರಲಿಲ್ಲ. ಕಾವಲು ಕೇಂದ್ರದ ಆಪರೇಟರು ಒಬ್ಬಳು ಹುಡುಗಿ. ಪಾಠ ಒಪ್ಪಿಸುವಂತೆ ಶಾಂತವಾಗಿ ಕೇಳಿದಳು.

"ದೋಣಿಯಲ್ಲಿ ಎಷ್ಟು ಜನ ಇದ್ದೀರಿ ಸರ್?"

ಭಾವ ಬಿಚ್ಚಿಟ್ಟ ಜಾಕೆಟ್ಟಿನ ಕಡೆ ನೋಡಿದರು. ಎಷ್ಟು ಎಂದು ಹೇಳಬೇಕು?

"ಸರ್? ಎಷ್ಟು ಜನ?"

"ಒಬ್ಬಳು ನೀರಲ್ಲಿದ್ದಾಳೆ ಮೇಡಂ. ನನ್ನ ಹೆಂಡ್ತಿ. ಜಾಕೆಟ್ ಇಲ್ಲ."

"ಎಷ್ಟು ಹೊತ್ತಾಯ್ತು?"

"ಇಪ್ಪತ್ತೈದು ನಿಮಿಷ."

ಹಾಗಾದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಅವಳು ಕೇಳಲಿಲ್ಲ. ರಕ್ಷಣಾ ದೋಣಿ ಹೊರಡುತ್ತದೆ, ಮುಟ್ಟಲು ಮುಕ್ಕಾಲು ಗಂಟೆ ಬೇಕು ಎಂದಳು. "ನಿಮ್ಮ ಜಿಪಿಎಸ್ ಪರದೆ ಮೇಲೆ ನೀವು ಬಂದ ದಾರಿಯ ಗೆರೆ ಇರುತ್ತಲ್ಲ? ಅದನ್ನೇ ಹಿಡಿದು ವಾಪಸ್ ಹೋಗಿ ಸರ್."

ಗೆರೆ ಇತ್ತು. ಭಾವ ಅದನ್ನು ನೋಡಿದರು, ಆಮೇಲೆ ದಿಕ್ಸೂಚಿ ನೋಡಿದರು, ಮತ್ತೆ ಗೆರೆ ನೋಡಿದರು. ಹೊರಟಾಗಿನಿಂದ ಅವರು ಚಕ್ರವನ್ನು ಒಂದೇ ದಿಕ್ಕಿಗೆ ಹಿಡಿದಿದ್ದರು. ಪರದೆಯ ಗೆರೆ ಮಾತ್ರ ಓರೆಯಾಗಿ, ದಡವನ್ನು ಬಿಟ್ಟು ಕಡಲಿನ ಕಡೆಗೆ ಜಾರಿತ್ತು. ಇಳಿತದ ಹೊತ್ತು, ನೀರೇ ಹೊರಗೆ ಹರಿಯುತ್ತಿದೆ. ದೋಣಿಯನ್ನು ಹೊತ್ತ ನೀರು ಅವಳನ್ನೂ ಹೊತ್ತಿರುತ್ತದೆ. ಬಿದ್ದ ಜಾಗಕ್ಕೆ ಹೋದರೆ ಜಾಗ ಸಿಗುತ್ತದೆ, ಅವಳು ಸಿಗುವುದಿಲ್ಲ.

"ಮೇಡಂ, ರಸ್ತೆನೇ ಹರೀತಾ ಇದೆ. ನಾನೂ ಅದರ ಮೇಲಿದೀನಿ, ಅವಳೂ ಅದರ ಮೇಲಿದಾಳೆ. ನಾನು ಗೆರೆ ನೋಡಲ್ಲ. ಎಷ್ಟು ನಿಮಿಷ ಈ ಕಡೆ ಬಂದೆನೋ ಅಷ್ಟೇ ನಿಮಿಷ ಆ ಕಡೆ ಹೋಗ್ತೀನಿ. ಅದೇ ಸ್ಪೀಡಲ್ಲಿ."

"ಸರ್, ಖಚಿತ ಇದೆಯಾ?"

"ಇಲ್ಲ."

ನಾಲ್ಕು ಮೂವತ್ತೇಳಕ್ಕೆ ದೋಣಿ ತಿರುಗಿಸಿದರು. ದಿಕ್ಸೂಚಿಯ ಮುಳ್ಳು ಸರಿಯಾಗಿ ಎದುರು ದಿಕ್ಕಿಗೆ. ಇಂಜಿನ್ನಿನ ಮುಳ್ಳು ಮೊದಲಿದ್ದಲ್ಲೇ. ಜೋರಾಗಿ ಓಡಿಸಬೇಕೆಂದು ಕಾಲು ತವಕಿಸುತ್ತಿತ್ತಂತೆ, ದೋಣಿಯಲ್ಲಿ ಕಾಲಿಗೆ ಕೆಲಸವೇ ಇಲ್ಲದಿದ್ದರೂ. ಜೋರಾದರೆ ಲೆಕ್ಕ ತಪ್ಪುತ್ತದೆ, ನಿಧಾನವಾದರೆ ಅವಳು ತಪ್ಪುತ್ತಾಳೆ. ಹತ್ತನೇ ನಿಮಿಷಕ್ಕೆ ಮಂಜು ದೋಣಿಯ ಮೂತಿಯನ್ನು ನುಂಗಿತು. ಹದಿನೈದನೇ ನಿಮಿಷಕ್ಕೆ ಪರದೆಯ ಮೇಲೆ ಅವರು ಗೆರೆಯಿಂದ ಒಂದು ಕಿಲೋಮೀಟರು ಆಚೆಗಿದ್ದರು. ಬುದ್ಧಿ ಸರಿ ಎನ್ನುತ್ತಿತ್ತು, ಕಣ್ಣು ಗೆರೆಯ ಕಡೆ ಎಳೆಯುತ್ತಿತ್ತು. ಭಾವ ತಲೆಯ ಟೋಪಿ ತೆಗೆದು ಪರದೆಗೆ ಮುಚ್ಚಿದರು.

ಅಕ್ಕ ಏನು ಮಾಡುತ್ತಿದ್ದಳು? ಅವಳೇ ಕತ್ತರಿಸಿ ಬಿಟ್ಟಿದ್ದ ಬಲೆಯ ತುಂಡುಗಳು ಸುತ್ತ ತೇಲುತ್ತಿದ್ದವು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗುಂಡುಗಳ ಸಮೇತ. ಐದನ್ನು ಹಿಡಿದು ಕಂಕುಳಡಿ ಕಟ್ಟಿಕೊಂಡಳು. ಮಂಜು ಬರುವ ಮೊದಲು ದಡ ತೆಳ್ಳಗೆ ಕಾಣುತ್ತಿತ್ತು. ಬಿಳಿ ಗೋಡೆಯ ಒಂದು ಮನೆ, ಅದರ ಮುಂದೆ ಒಣಗಲು ಹಾಕಿದ ಬಟ್ಟೆ ಕೂಡ. ಈಜಿ ಬಾ ಎಂದು ಅದು ಕರೆಯುತ್ತಿತ್ತು. ಐದಾರು ಸಲ ಕೈ ಬೀಸಿ ಈಜಿಯೂ ಬಿಟ್ಟಳು. ಆಮೇಲೆ ನಿಲ್ಲಿಸಿದಳು. ದಾರಿ ತಪ್ಪಿ ಇಳಿದ ಎಷ್ಟು ಜನರಿಗೆ ಅವಳೇ ಹೇಳಿಲ್ಲ, "ಇಳಿದಲ್ಲೇ ನಿಂತಿರಿ, ನಡ್ಕೊಂಡು ಹೋಗ್ಬೇಡಿ, ಬಸ್ಸು ಇದೇ ದಾರಿಲಿ ವಾಪಸ್ ಬರುತ್ತೆ" ಎಂದು? ಕೈ ಕಾಲು ಮಡಚಿಕೊಂಡು ಬೆನ್ನಿನ ಮೇಲೆ ತೇಲಿದಳು. ಹಲ್ಲು ಕಟಕಟಿಸತೊಡಗಿತು. ಭಾವ ಯಾವಾಗ ನೋಡುತ್ತಾರೆ ಎಂದು ಲೆಕ್ಕ ಹಾಕಿದಳು. ಟೀ ಹೊತ್ತು ಐದು ಗಂಟೆ. ಟೀ ಬರದಿದ್ದರೆ ನೋಡಿಯೇ ನೋಡುತ್ತಾರೆ. ಐದರವರೆಗೆ ಇರಬೇಕು, ಆಮೇಲೆ ವಾಪಸು ಬರಲು ಒಂದು ಗಂಟೆ. ಆರರವರೆಗೆ ಬೆರಳು ಬಲೆಯನ್ನು ಹಿಡಿದಿರುತ್ತದೆಯೇ ಎಂದು ಬೆರಳನ್ನು ನೋಡಿಕೊಂಡಳು. ಅವು ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ.

ಐದು ಗಂಟೆ ಎರಡು ನಿಮಿಷಕ್ಕೆ ಭಾವ ಇಂಜಿನ್ನು ಆರಿಸಿದರು. ಇಪ್ಪತ್ತೈದು ನಿಮಿಷ ಮುಗಿದಿತ್ತು. ಗೂಡಿನ ಮೇಲೆ ಹತ್ತಿ ನಿಂತರು. ಎದುರಿಗೆ ಬಿಳಿ, ಎಡಕ್ಕೆ ಬಿಳಿ, ಬಲಕ್ಕೆ ಬಿಳಿ. ದೋಣಿಯ ಮೈಗೆ ನೀರು ತಟ್ಟುವ ಸದ್ದೊಂದೇ.

"ಎಲ್ಲಿದೀಯೇ?"

ಮಂಜು ಆ ಕೂಗನ್ನು ಹತ್ತಿಯ ಹಾಗೆ ಹೀರಿಕೊಂಡಿತು. ಮತ್ತೆ ಕೂಗಿದರು. ಮೂರನೇ ಸಲ ಕೂಗಿದಾಗ ಗಂಟಲು ಒಡೆಯಿತು. ತಪ್ಪು ಲೆಕ್ಕ ಹಾಕಿದೆ, ಹುಡುಗಿ ಹೇಳಿದ ಗೆರೆಯನ್ನು ಹಿಡಿಯಬೇಕಿತ್ತು, ನಾನೇ ಕೊಂದೆ ಎಂದು ಅವರು ನಿರ್ಧರಿಸಿಯೇ ಬಿಟ್ಟಿದ್ದರು. ಇನ್ನೊಂದು ನಿಮಿಷ ಕಾಯುವುದೋ, ಗೆರೆಯತ್ತ ಓಡುವುದೋ? ಕೆಳಗಿಳಿದು ಇಂಜಿನ್ನಿನ ಕೀಲಿಗೆ ಕೈ ಹಾಕಿದರು.

"ಹೋಲ್ಡಾನ್!"

ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿಗೆ ಮುಟ್ಟಲೆಂದೇ ತಯಾರಾದ ಗಂಟಲು ಅದು. ಬಂದದ್ದು ಹಿಂದಿನಿಂದ. ಅವಳನ್ನು ದಾಟಿ ಮುಂದೆ ಬಂದುಬಿಟ್ಟಿದ್ದರು. ಭಾವ ತಿರುಗಿ ನೋಡಿದರು. ಮೂವತ್ತು ಮಾರು ದೂರದಲ್ಲಿ, ಮಂಜಿನ ಅಂಚಿನಲ್ಲಿ, ಐದು ಕಿತ್ತಳೆ ಗುಂಡುಗಳ ನಡುವೆ ಒಂದು ತಲೆ.

ಸಿಕ್ಕಿದ ಮೇಲೂ ಸುಲಭವಾಗಲಿಲ್ಲ. ಅವಳ ಕಾಲು ಏಣಿ ಹತ್ತಲು ಒಪ್ಪಲಿಲ್ಲ. ಕೊನೆಗೆ ಕಂಕುಳಡಿ ಹಗ್ಗ ಹಾಕಿ, ಹಾಯಿ ಎತ್ತುವ ರಾಟೆಗೆ ಕಟ್ಟಿ, ಒಂದೊಂದೇ ಸುತ್ತು ತಿರುಗಿಸಿ ಮೇಲೆತ್ತಿದರು.

"ನಿಧಾನ ರೀ... ನಾನೇನು ಅಕ್ಕಿ ಮೂಟೆನಾ?"

"ಅಕ್ಕಿ ಮೂಟೆ ಬಾಯ್ಮುಚ್ಕೊಂಡಿರುತ್ತೆ" ಎಂದರು ಭಾವ. ಗಂಟು ಬಿಚ್ಚಲು ಅವರು ಮೂರು ಸಲ ಪ್ರಯತ್ನಿಸಬೇಕಾಯಿತು.

ಕತ್ತಲಾಗುವ ಹೊತ್ತಿಗೆ ರಕ್ಷಣಾ ದೋಣಿ ಅವರನ್ನು ಹತ್ತಿರದ ಬಂದರಿಗೆ ಎಳೆದು ತಂದಿತು. ಬೆಳಿಗ್ಗೆ ಅಕ್ಕ ಹೇಳಿದ್ದ ಬಂದರಿಗೇ. ಕಂಪೌಂಡರ್ ಬಂದು ಅವಳ ನಾಡಿ, ಉಸಿರು ನೋಡಿ ಎರಡು ಕಂಬಳಿ ಕೊಟ್ಟು ಹೋದ. ಬಂದರು ಕಚೇರಿ ಒಂದು ಉದ್ದನೆಯ ಕೋಣೆ. ಮೇಜಿನ ಮೇಲೆ ಅಂಟು ಹತ್ತಿದ ಗಾಜು, ಅದರಡಿ ಉಬ್ಬರ ಇಳಿತದ ಪಟ್ಟಿ, ಮೂಲೆಯಲ್ಲಿ ಗುಂಯ್‌ಗುಡುವ ಹೀಟರು. ಅಧಿಕಾರಿ ಫಾರಂ ಎಳೆದುಕೊಂಡು ಕನ್ನಡಕ ಏರಿಸಿದರು.

"ಘಟನೆಗೆ ಕಾರಣ?"

"ನಾನು" ಎಂದರು ಭಾವ. "ಹಿಂದೆ ನೋಡ್ಲಿಲ್ಲ. ಬರ್ಕೊಳ್ಳಿ. ಪೂರ್ತಿ ನನ್ನದೇ ತಪ್ಪು."

ಅಧಿಕಾರಿ ಬರೆಯತೊಡಗಿದರು.

"ಹಾಗೆ ಬರೀಬೇಡಿ ಸರ್" ಎಂದಳು ಅಕ್ಕ ಕಂಬಳಿಯೊಳಗಿನಿಂದ. "ನಾನು ಏಣಿ ಹತ್ತೋ ಮೊದ್ಲೇ ಸೀಟಿ ಊದಿದೆ. ಅವರು ಹೊರಟರು. ಅಷ್ಟೇ."

ಭಾವ ಅವಳ ಕಡೆ ತಿರುಗಿದರು. "ಹತ್ತೋ ಮೊದ್ಲು ಊದಿದ್ಯಾ? ಹತ್ತುವಾಗ ನಿನ್ನ ಕಾಲು ಜಾರಿತು ಅನ್ಕೊಂಡಿದ್ದೆ. ಯಾಕೆ ಊದಿದೆ?"

"ಅಭ್ಯಾಸ."

"ಎಂಥ ಅಭ್ಯಾಸ?"

"ಬಸ್ಸಲ್ಲೂ ಹಾಗೇ ಅಲ್ವಾ? ಊದಿ ಆಮೇಲೆ ಹತ್ತೋದು."

"ಚಲಿಸೋ ಬಸ್ಸಿಗಾ?"

ಅಕ್ಕನಿಗೆ ಆಶ್ಚರ್ಯವಾಯಿತು. ಡಿಪೋದ ಗೇಟಿನವನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಇಡೀ ಊರು ಕಂಡ ಹಾರಾಟ ಅದು. ಕಾಣದೆ ಉಳಿದವರು ಒಬ್ಬರೇ, ಮುಂದಿನ ಸೀಟಿನಲ್ಲಿ ಕೂತು ಗೇರು ಹಾಕುತ್ತಿದ್ದವರು.

"ನಿಮಗೆ ಗೊತ್ತಿರ್ಲಿಲ್ವಾ?"

"ಮಳೆ ಬಂದು ಮೆಟ್ಟಿಲು ಜಾರ್ತಿದ್ದಾಗ?"

"ಆಗ್ಲೂ."

"ಹಿಮ್ಮಡಿ ಉಳುಕಿ ಪಟ್ಟಿ ಸುತ್ಕೊಂಡು ಬರ್ತಿದ್ದೆಯಲ್ಲ, ಆ ತಿಂಗಳು?"

"ಒಂದೇ ಕಾಲಲ್ಲಿ."

ಭಾವ ತಗ್ಗಿದ ದನಿಯಲ್ಲಿ ಕೇಳಿದರು. "ಮಗಳು ಹೊಟ್ಟೇಲಿದ್ದಾಗ?"

ಅಕ್ಕ ಹೀಟರಿನ ಕಡೆ ನೋಡಿದಳು. "ಏಳನೇ ತಿಂಗಳವರೆಗೆ. ಆಮೇಲೆ ರಜ ಹಾಕಿದ್ನಲ್ಲ."

ಸಮುದ್ರದಲ್ಲಿ ಅಷ್ಟು ಹೊತ್ತು ಗಟ್ಟಿಯಾಗಿದ್ದ ಮನುಷ್ಯ ಬೆಂಚಿನ ಮೇಲೆ ಕುಸಿದು ಕೂತರು. ದಿನಕ್ಕೆ ಐದು ಟ್ರಿಪ್ಪು, ಟ್ರಿಪ್ಪಿಗೆ ಇಪ್ಪತ್ತಾರು ನಿಲ್ದಾಣ, ಇಪ್ಪತ್ತೆರಡು ವರ್ಷ. ಒಂದೊಂದು ಸಲವೂ ತಾನು ನಿಶ್ಚಿಂತೆಯಿಂದ ಗೇರು ಹಾಕಿದ್ದು, ಒಂದೊಂದು ಸಲವೂ ಹಿಂದೆ ಒಂದು ಕಾಲು ಗಾಳಿಯಲ್ಲಿ. ಆಗದೆ ಹೋದ ಅಷ್ಟೂ ಅಪಘಾತಗಳು ಒಟ್ಟಿಗೆ ಬಂದು ಆ ಕೋಣೆಯಲ್ಲಿ ಅವರ ಮೇಲೆ ಬಿದ್ದವು. ಮುಖ ಮುಚ್ಚಿಕೊಂಡರು. ಭುಜ ಅಲುಗತೊಡಗಿತು. ಅಧಿಕಾರಿ ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯತ್ತ ತಿರುಗಿದರು.

"ಅಯ್ಯೋ, ಬಿದ್ದಿಲ್ವಲ್ಲ ರೀ" ಎಂದಳು ಅಕ್ಕ. "ಒಂದು ಸಲನೂ ಬಿದ್ದಿಲ್ಲ."

"ಸುಮ್ನಿರು."

"ಈಗೇನು, ಹಳೇದಕ್ಕೆಲ್ಲ ಇವತ್ತು ಹೆದರ್ತೀರಾ?"

"ಹೂಂ. ಇವತ್ತೇ ಹೆದರ್ತೀನಿ. ಸುಮ್ನಿರು ಅಂದ್ನಲ್ಲ."

ಅಕ್ಕ ಸುಮ್ಮನಾದಳು. ಈ ಸಲದ್ದು ಮುನಿಸಿನ ಮೌನವಲ್ಲ. ಕಂಬಳಿಯ ಒಂದು ಅಂಚನ್ನು ತೆಗೆದು ಅವರ ಹೆಗಲಿಗೂ ಹೊದಿಸಿದಳು. ಅಧಿಕಾರಿ ಕಾರಣದ ಜಾಗದಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿ, "ಅಭ್ಯಾಸ" ಎಂದಷ್ಟೇ ಬರೆದು ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ರಾತ್ರಿ ಉಳಿಯಲು ಹಗ್ಗದ ಅಂಗಡಿಯ ಮೇಲೆ ಒಂದು ಕೋಣೆ ಇದೆ, ಎಡಕ್ಕೆ ಹೋಗಿ ಮೂರನೇ ಬಾಗಿಲು ಎಂದು ಹೇಳಿದರು.

ಹೊರಗೆ ಮಂಜು ಬೀದಿದೀಪಗಳ ಕೆಳಗೆ ಹಬೆಯಾಡುತ್ತಿತ್ತು. ಭಾವ ಬಾಗಿಲು ತೆರೆದು ಹಿಡಿದು ನಿಂತರು. ಅವರು ಹೊರಟ ಮೇಲೆ ಹೊರಡುವುದು ಅಕ್ಕನ ರೂಢಿ, ಅವಳೂ ನಿಂತಳು.

"ನೀನು ಮುಂದೆ ನಡಿ" ಎಂದರು ಭಾವ.

"ನನಗೆ ದಾರಿ ಗೊತ್ತಿಲ್ಲ ರೀ."

"ನನಗೂ ಗೊತ್ತಿಲ್ಲ. ನಡಿ. ಕಣ್ಣಿಗೆ ಕಾಣೋ ಹಾಗಿರು."